ಕಸ್ತೂರಿಯ ಗೋಡೆ

ನಮ್ಮ ಊರಿನಲ್ಲಿ ಮನೆಯೊಳಗೆ ಹೊಡೆತ ತಿಂದು ಸತ್ತ ಹೆಣ್ಣಿನ ಮಾತು ಆ ಮನೆಯ ಗೋಡೆಯಲ್ಲಿ ಉಳಿಯುತ್ತದೆ. ಅದನ್ನು ಒಂದೇ ಸಲ ಕೇಳಬಹುದು. ಊರು ಪೂರ್ತಿ ಸುಮ್ಮನಾದರೆ ಗೋಡೆ ತಾನಾಗಿ ಬಾಯಿ ಬಿಡುತ್ತದೆ. ಮಾತು ಶುರುವಾದ ಮೇಲೆ ಎಲ್ಲಾದರೂ ಸದ್ದಾಯಿತೋ, ಮುಚ್ಚಿಕೊಂಡುಬಿಡುತ್ತದೆ, ಆಮೇಲೆ ಯಾರು ಹಣೆ ಚಚ್ಚಿಕೊಂಡರೂ ತೆರೆಯುವುದಿಲ್ಲ. ಸುಣ್ಣ ಬಳಿದರೂ ಅಷ್ಟೇ. ಬೇರೆ ಊರಿನವರು ಇದನ್ನು ಕೇಳಿ ಕಣ್ಣು ಬಾಯಿ ಬಿಡುತ್ತಾರೆ. ನಮಗೆ ಗೋಡೆ ಮಾತಾಡುವುದು ದೊಡ್ಡ ವಿಷಯವಲ್ಲ, ಊರನ್ನು ಸುಮ್ಮನಿರಿಸುವುದು ದೊಡ್ಡ ವಿಷಯ.

ಒಂದು ಊರಿನ ಸದ್ದು ಒಬ್ಬರದಲ್ಲ ನೋಡಿ. ಠಾಣೆಗೆ ಜೀಪು, ವಯರ್‌ಲೆಸ್ಸು. ದವಾಖಾನೆಗೆ ಜನರೇಟರು. ಪುರಸಭೆಗೆ ನೀರೆತ್ತುವ ಪಂಪು, ಹೊತ್ತು ಹೊತ್ತಿಗೆ ಅರಚುವ ಸೈರನ್ನು. ಶಾಲೆಗೆ ಗಂಟೆ, ಗಂಟೆಗಿಂತ ಜೋರಾದ ಮಕ್ಕಳು. ಇಷ್ಟು ನಿಂತರೆ ಉಳಿದದ್ದನ್ನು ಜನ ತಾವೇ ನಿಲ್ಲಿಸಿಕೊಳ್ಳುತ್ತಾರೆ, ನಾಯಿಗೆ ರೊಟ್ಟಿ ಎಸೆದು, ಕೂಸಿಗೆ ಮೊಲೆ ಕೊಟ್ಟು, ಪಾತ್ರೆ ಪಗಡೆ ಮುಟ್ಟದೆ. ಆದ್ದರಿಂದ ಗೋಡೆ ಕೇಳುವ ಖರ್ಚನ್ನು ಈ ನಾಲ್ಕು ಕಚೇರಿಗಳು ಸೇರಿ ಹೊರಬೇಕೆಂದು ಹಿಂದಿನವರು ಕಟ್ಟು ಮಾಡಿಟ್ಟಿದ್ದಾರೆ. ಖರ್ಚು ಅಂದರೆ ದುಡ್ಡಲ್ಲ, ಸದ್ದು. ಒಂದು ಬೆಳಗಿನ ಮಟ್ಟಿಗೆ ತಮ್ಮ ತಮ್ಮ ಸದ್ದನ್ನು ಕೆಳಗಿಡುವುದು. ದುಡ್ಡಾಗಿದ್ದರೆ ಇಷ್ಟು ಹೊತ್ತಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರೇನೋ.

ನನ್ನ ಹೆಸರು ನೀಲಗಂಗವ್ವ. ಗಿರಣಿ ನೀಲವ್ವ ಎಂದರೆ ಬೇಗ ಗೊತ್ತಾಗುತ್ತದೆ. ಗಂಡ ಬಿಟ್ಟುಹೋದ ಜೋಳದ ಗಿರಣಿಯನ್ನು ನಾನೇ ನಡೆಸುತ್ತೇನೆ. ಅದು ಶುರುವಾದರೆ ಎದುರು ನಿಂತವರ ಮಾತೂ ಕೇಳುವುದಿಲ್ಲ. ಹಾಗಾಗಿ ನನಗೆ ಮೆಲ್ಲಗೆ ಮಾತಾಡುವುದು ಬರುವುದಿಲ್ಲ, ಬೈಯುವುದಂತೂ ಬೆಲ್ಟಿನ ಸದ್ದನ್ನು ಮೀರಿಸಿಯೇ. ನನ್ನ ಒಬ್ಬಳೇ ಮಗಳು ಕಸ್ತೂರಿ ಬೆಳೆದದ್ದು ಇದೇ ಗಿರಣಿಯಲ್ಲಿ, ಹಿಟ್ಟಿನ ಧೂಳಿನಲ್ಲಿ. ಅವಳಿಗೊಂದು ಚಾಳಿಯಿತ್ತು. ಬಾಗಿಲಲ್ಲಿ ನಿಂತು, ಕೆನ್ನೆಗೆ ಕೈ ಅಡ್ಡ ಹಿಡಿದು "ಅವ್ವಾ" ಎಂದು ಕರೆಯುವಳು. ನಾನು "ಓ" ಎನ್ನುವ ತನಕ ಬಿಡುತ್ತಿರಲಿಲ್ಲ. ತಲೆಯಾಡಿಸಿದರೆ ಆಗದು, ಕೈ ಸನ್ನೆ ಆಗದು, ಬಾಯಿಬಿಟ್ಟು "ಓ" ಅನ್ನಬೇಕು. ಅಂದ ಮೇಲೆ ಎಷ್ಟೋ ಸಲ ಏನೂ ಹೇಳದೆ ನಕ್ಕು ಹೋಗಿಬಿಡುತ್ತಿದ್ದಳು. ಆ ಹುಡುಗಿಗೆ ಬೇಕಾಗಿದ್ದದ್ದು ಬರೀ "ಓ".

ಅವಳು ಸತ್ತದ್ದು ಶ್ರಾವಣದಲ್ಲಿ. ಅವಳ ಗಂಡ ಫಕೀರೇಶ ಅಂದೇ ಜೈಲಿಗೆ ಹೋದ. ಕೊಂದವನು ಅವನೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಅವನಿಗೂ ಇರಲಿಲ್ಲ. ಗೋಡೆಯನ್ನು ನಾವು ಕೇಳುವುದು ಅದಕ್ಕಲ್ಲ. ಸಾಯುವ ಮೊದಲು ಅವಳು ಯಾವ ಯಾವ ಬಾಗಿಲಿಗೆ ಹೋಗಿದ್ದಳು, ಅಲ್ಲಿ ಅವಳಿಗೆ ಏನು ಹೇಳಿ ಕಳಿಸಿದರು ಎಂದು ತಿಳಿಯುವುದಕ್ಕೆ. ತಿಳಿದರೆ ಇನ್ನೊಬ್ಬಳು ಅದೇ ಬಾಗಿಲಿಗೆ ಹೋದಾಗ ಬೇರೆ ಮಾತು ಸಿಕ್ಕೀತು ಎಂಬ ಆಸೆ. ಊರವರ ಆಸೆ ಅದು. ನನ್ನ ಆಸೆ ಬೇರೆ ಇತ್ತು, ಮುಚ್ಚಿಡುವುದೇಕೆ? ನನಗೆ ಅವಳ ದನಿ ಬೇಕಾಗಿತ್ತು. ಬೈದರೂ ಸರಿ, ಅತ್ತರೂ ಸರಿ, ಒಂದು ಸಲ.

ಹೊತ್ತು ಮಾತ್ರ ಕಡಿಮೆ ಇತ್ತು. ಫಕೀರೇಶನ ಅಣ್ಣ ಯಮನೂರಪ್ಪ ಆ ಮನೆಯನ್ನು ದೀಪಾವಳಿಗೆ ಸುಣ್ಣ ಬಳಿಸಿ ಬಾಡಿಗೆಗೆ ಕೊಡುತ್ತೇನೆಂದು ಹೇಳಿಕೊಂಡು ತಿರುಗುತ್ತಿದ್ದ. ಸುಣ್ಣದ ಚೀಲವನ್ನು ತಂದು ಅಂಗಳದಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದ. ಹಬ್ಬದೊಳಗೆ ಕಚೇರಿಯವರು ಕೇಳಿ ಮುಗಿಸಿದರೆ ಸರಿ, ಇಲ್ಲದಿದ್ದರೆ ತಡೆಯಲು ಅವರಿಗೆ ಹಕ್ಕಿಲ್ಲ, ಅದೂ ಕಟ್ಟಿನಲ್ಲೇ ಇದೆ.

ಸಭೆ ಕರೆದವರು ಇಂದುಮತಿ ಮೇಡಂ. ಮಹಿಳಾ ಕೇಂದ್ರಕ್ಕೆ ಹೊಸದಾಗಿ ವರ್ಗವಾಗಿ ಬಂದವರು, ಬೇರೆ ಸೀಮೆಯ ಹೆಂಗಸು, ತೆಳ್ಳಗೆ, ಕನ್ನಡಕ. ಅವರ ಕೇಂದ್ರಕ್ಕೆ ಒಂದು ಕರೆಗಂಟೆಯೂ ಇಲ್ಲದ್ದರಿಂದ ಕೊಡಲಿಕ್ಕೆ ಸದ್ದೇ ಇರಲಿಲ್ಲ. ನಾನು ಪುರಸಭೆಯ ಜಗುಲಿಯಲ್ಲಿ ಕೂತು ಕಿಟಕಿಯಿಂದ ಎಲ್ಲವನ್ನೂ ಕೇಳಿಸಿಕೊಂಡೆ.

"ನಮ್ಮ ಜೀಪು ನಿಂತ್ರ ಊರಿನ ಕಳ್ಳರಿಗೆಲ್ಲಾ ಹಬ್ಬ ಆಕ್ಕೈತ್ರಿ," ಎಂದರು ಫೌಜದಾರ ಗುಳೇದ.

"ಜನರೇಟರ್ ಬಂದ್ ಮಾಡಿದ ಹೊತ್ತಿನ್ಯಾಗ ಹೆರಿಗಿ ಬಂದ್ರ ಏನ್ ಮಾಡ್ಲಿ?" ಎಂದರು ಡಾಕ್ಟರಬಾಯಿ.

"ಪಂಪು ನಿಲ್ಲಿಸಿದ್ರ ಜನ ಕೊಡಾ ಹಿಡ್ಕೊಂಡು ನನ್ನ ಮನಿಗೇ ಬರ್ತಾರ್ರೀ ಮೇಡಂ. ನೀವು ಹೊಸಬ್ರು, ನಿಮಗ ಗೊತ್ತಿಲ್ಲ," ಎಂದರು ಮುಖ್ಯಾಧಿಕಾರಿ ಹೊಳೆಯಣ್ಣವರ.

ಯಾರ ಮಾತೂ ಸುಳ್ಳಲ್ಲ. ಹೆರಿಗೆ ಬರಬಹುದು, ಕೊಡ ಹಿಡಿದು ಜನರೂ ಬರಬಹುದು. ಆದರೆ ಗೋಡೆಯಲ್ಲಿ ತಮ್ಮ ಹೆಸರೂ ಇದ್ದೀತು ಎಂಬ ಪುಕುಪುಕು ಆ ಕೋಣೆಯಲ್ಲಿ ಎಲ್ಲರಿಗೂ ಇತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕೊನೆಗೆ ಶಾಲೆಯ ಹೆಡ್ ಮಾಸ್ತರು ತಿರ್ಲಾಪುರ ಅವರು ಒಂದು ದಾರಿ ಕಂಡುಹಿಡಿದರು. ಮುಖವೆಲ್ಲ ಹಿಗ್ಗು.

"ಸಮಾ ಸಮಾ ಹಂಚ್ಕೊಂಬಿಡೂಣ್ರಿ. ಕಾಲುವಿ ನೀರಿಗೆ ಪಾಳಿ ಹಚ್ಚಂಗಿಲ್ಲೇನು, ಹಂಗ. ಮೊದಲ ಠಾಣೆದವ್ರು ಸುಮ್ಮಿರ್ಲಿ. ಅವ್ರದ್ದು ಮುಗದ್ ಮ್ಯಾಲೆ ದವಾಖಾನಿ. ಆಮ್ಯಾಲ ಪುರಸಭೆ, ಕಡೀಕ ನಮ್ಮ ಸಾಲಿ. ಯಾರಿಗೂ ಭಾರ ಆಗೂದಿಲ್ಲ."

ಎಲ್ಲರೂ ಭೇಷ್ ಅಂದರು. ಇಂದುಮತಿ ಮೇಡಂ ಏನೋ ಹೇಳಲು ಹೋದರು, ಅಷ್ಟರಲ್ಲಿ ಚಹಾ ಬಂತು.

ಗೋಡೆ ಕೇಳುವ ದಿನ ಸತ್ತವಳ ತಾಯಿ ಊರಲ್ಲಿ ಇರಬಾರದು. ಇದು ಆಮೇಲೆ ಸೇರಿಸಿದ ನಿಯಮ. ಹಿಂದೆ ದ್ಯಾಮವ್ವ ಎಂಬವಳ ಮಗಳ ಗೋಡೆ ಕೇಳುವಾಗ ಮೊದಲ ಮಾತೇ "ಅವ್ವಾ" ಎಂದು ಬಂತಂತೆ. ಮೂಲೆಯಲ್ಲಿ ಕೂತಿದ್ದ ದ್ಯಾಮವ್ವ "ಓ" ಎಂದುಬಿಟ್ಟಳು. ಗೋಡೆ ಮುಚ್ಚಿಕೊಂಡಿತು. ಯಾರು ಬೈದಾರು ಅವಳನ್ನು? ಆದರೆ ಸ್ವಲ್ಪ ಕಾಲಕ್ಕೆ ಅದೇ ಓಣಿಯಲ್ಲಿ ಇನ್ನೊಂದು ಹುಡುಗಿ ಸತ್ತಳು. ಅವಳ ಗೋಡೆಯೇ ಹೇಳಿತು, ದ್ಯಾಮವ್ವನ ಮಗಳು ಹೋಗಿದ್ದ ಬಾಗಿಲುಗಳಿಗೇ ತಾನೂ ಹೋಗಿದ್ದೆ ಎಂದು. ಆಮೇಲೆ ದ್ಯಾಮವ್ವ ಯಾರ ಕೂಗಿಗೂ ಓಗೊಡುವುದನ್ನೇ ಬಿಟ್ಟಳು. ಅಂದಿನಿಂದ ತಾಯಂದಿರನ್ನು ಹಳ್ಳದ ಆಚೆ ದಂಡೆಗೆ ಕಳಿಸುತ್ತಾರೆ.

ನಾನೂ ಗಿರಣಿಗೆ ಬೀಗ ಹಾಕಿ ಹಳ್ಳದ ಆಚೆ ಹೋಗಿ ಕೂತೆ. ಅಲ್ಲಿಂದಲೇ ನನಗೆ ಗೊತ್ತಾಗಿತ್ತು ಇದು ಕೆಲಸಕ್ಕೆ ಬಾರದ್ದು ಎಂದು. ಜೀಪು ನಿಂತ ಹೊತ್ತಿಗೆ ಪಂಪು ದಡದಡ ಎನ್ನುತ್ತಿತ್ತು. ಪಂಪು ನಿಂತ ಹೊತ್ತಿಗೆ ಮಕ್ಕಳು ಮಗ್ಗಿ ಕೂಗುತ್ತಿದ್ದರು. ಪಾಳಿಯ ಪ್ರಕಾರ ಎಲ್ಲರೂ ಸುಮ್ಮನಿದ್ದರು, ಊರು ಮಾತ್ರ ಒಂದು ಗಳಿಗೆಯೂ ಸುಮ್ಮನಾಗಲಿಲ್ಲ.

ಮಧ್ಯಾಹ್ನ ಇಂದುಮತಿ ಮೇಡಂ ತಾವೇ ಹಳ್ಳ ದಾಟಿ ಬಂದರು. ಸೀರೆಯ ಅಂಚು ನೆನೆದಿತ್ತು.

"ಮಾತು ಬರ್ಲಿಲ್ಲ ನೀಲವ್ವ. ಬಳೆ ಸದ್ದಷ್ಟೇ ಬಂತು. ಮಾತು ಶುರುವಾಗಿಲ್ಲ ಅಂದ್ರೆ ಇನ್ನೊಂದು ಸಲ ಕೇಳ್ಬಹುದಂತೆ."

"ಎಂಥಾ ಬಳಿ ಸದ್ದು ಬಾಯಾರ? ಇಡೀ ಬಳಿದೋ, ಒಡದದ್ದೋ?"

ಅವರು ನನ್ನ ಮುಖ ನೋಡಿದರು. ಅವರಿಗೆ ಗೊತ್ತಾಗಿರಲಿಲ್ಲ. ಅವರಿಗೆ ಹೇಗೆ ಗೊತ್ತಾದೀತು, ಕೈಗೆ ಗಡಿಯಾರ ಕಟ್ಟುವ ಹೆಂಗಸು. ಆ ಕೋಣೆಯಲ್ಲಿ ನಾನಿದ್ದಿದ್ದರೆ ಗೊತ್ತಾಗುತ್ತಿತ್ತು. ಆಗಲೇ ನಿಶ್ಚಯ ಮಾಡಿದೆ, ಇನ್ನೊಂದು ಸಲ ನಾನು ಹಳ್ಳ ದಾಟುವುದಿಲ್ಲ.

ಎರಡನೆಯ ಸಭೆಯಲ್ಲಿ ಇಂದುಮತಿ ಮೇಡಂ ಚಹಾ ಬರುವ ಮೊದಲೇ ಮಾತು ಮುಗಿಸಿದರು. ನಾಲ್ಕೂ ಕಚೇರಿ ಒಂದೇ ಹೊತ್ತಿಗೆ ಸುಮ್ಮನಾಗಬೇಕು, ಪಾಳಿಯಿಲ್ಲ ಎಂದರು.

ಫೌಜದಾರರು ಬೆರಳು ಮಡಚಿ ಲೆಕ್ಕ ಹಾಕಿದರು. "ಅಲ್ರೀ, ಎಲ್ಲಾರೂ ಒಮ್ಮೆಲೇ ಸುಮ್ಮನಾದ್ರ ಎಲ್ಲಾರ ಮ್ಯಾಲೂ ಪೂರ್ತಿ ಖರ್ಚು ಬೀಳ್ತೈತಿ. ಹಂಚ್ಕೊಂಡಂಗ ಎಲ್ಲಾತು?"

"ಇದನ್ನ ಹಂಚ್ಕೊಳ್ಳೋದು ಅಂದ್ರೆ ಹಂಗೇನೇ ಸರ್," ಎಂದರು ಮೇಡಂ. "ಪ್ರತಿಯೊಬ್ರೂ ಪೂರ್ತಿ ಕೊಡಬೇಕು."

ಕೋಣೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಅಷ್ಟೇ ಸುಮ್ಮನೆ ಆ ಬೆಳಿಗ್ಗೆ ಇದ್ದಿದ್ದರೆ ಸಾಕಾಗಿತ್ತು. ಆಮೇಲೆ ಮುಖ್ಯಾಧಿಕಾರಿ ಹೊಳೆಯಣ್ಣವರ ಒಂದು ಕೊಂಕು ತೆಗೆದರು. ಊರಿನ ಎಲ್ಲಕ್ಕಿಂತ ದೊಡ್ಡ ಸದ್ದು ಗಿರಣಿಯದು, ಅದು ಯಾವ ಕಚೇರಿಗೂ ಸೇರಿಲ್ಲ, ಅದನ್ನು ನಿಲ್ಲಿಸುವ ಅಧಿಕಾರ ಯಾರಿಗಿದೆ ಎಂದರು. ನಾನು ಹೇಗೂ ನಿಲ್ಲಿಸುತ್ತೇನೆಂದು ಅವರಿಗೆ ಗೊತ್ತಿತ್ತು, ಸುಮ್ಮನೆ ಕಾಲ ತಳ್ಳುವ ಮಾತು. ನಾನು ಜಗುಲಿಯಿಂದ ಎದ್ದು ಒಳಗೆ ಹೋದೆ.

"ಖರೇ ಐತ್ರಿ ಸಾಹೇಬ್ರ. ಗಿರಣಿ ನಂದು. ನಿಮ್ಮ ನಾಕು ಕಚೇರಿ ಜೋಡಿ ನಂದೂ ಒಂದು ಪಾಲು ಹಿಡೀರಿ. ಪಾಲು ಕೊಟ್ಟವ್ರು ಒಳಗ ಕುಂದರಬೇಕಲ್ರೀ? ನಾನೂ ಕುಂದರ್ತೇನಿ."

"ಏ ಯವ್ವಾ, ತಾಯಂದ್ರು ಇರಾಕ ಬರೂದಿಲ್ಲ, ನಿನಗ ಗೊತ್ತಿಲ್ಲೇನು?" ಹೆಡ್ ಮಾಸ್ತರು ಗಾಬರಿಯಾದರು. "ದ್ಯಾಮವ್ವಂದು ಏನಾತು?"

"ಹಂಗಾದ್ರ ಗಿರಣಿ ನಡೀತೈತ್ರಿ."

ಹಾಗಂದದ್ದು ಬಾಯಲ್ಲಿ ಮಾತ್ರ. ಅವರು ನಡೆಸಿಕೋ ಹೋಗು ಎಂದಿದ್ದರೆ ನಾನೇ ಹೋಗಿ ಬೆಲ್ಟು ಕತ್ತರಿಸಿ ಬರುತ್ತಿದ್ದೆ. ಇಂದುಮತಿ ಮೇಡಂ ನನ್ನನ್ನು ಹೊರಗೆ ಕರೆದುಕೊಂಡು ಹೋದರು.

"ನೀಲವ್ವ, ಅವಳು ಕರೀಬಹುದು."

"ಗೊತ್ತೈತ್ರಿ."

"ನೀವು ಓ ಅಂದ್ರೆ ಎಲ್ಲಾ ಮುಗೀತು."

"ಗೊತ್ತೈತ್ರಿ ಬಾಯಾರ. ಓ ಅನ್ನೂದಿಲ್ಲ."

"ಆಗುತ್ತಾ ನಿಮಗೆ?"

ನಾನು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ತೋರಿಸಿದೆ. ಅವರು ಅದನ್ನೇ ಉತ್ತರ ಅಂತ ತಿಳಿದುಕೊಂಡರೋ ಏನೋ, ಒಳಗೆ ಹೋಗಿ ನನ್ನ ಪಾಲನ್ನೂ ಸೇರಿಸಿದರು.

ಆ ಬೆಳಿಗ್ಗೆ ನಮ್ಮ ಊರನ್ನು ನೀವು ನೋಡಬೇಕಿತ್ತು. ಹಿಂದಿನ ದಿನವೇ ಎಲ್ಲರೂ ನೀರು ತುಂಬಿಟ್ಟುಕೊಂಡಿದ್ದರು. ಮಕ್ಕಳನ್ನು ಶಿಕ್ಷಕರು ಗುಡ್ಡದ ಆಚೆಗೆ ಕರೆದುಕೊಂಡು ಹೋಗಿದ್ದರು. ದಿನ ತುಂಬಿದ ಒಬ್ಬ ಬಸುರಿಯನ್ನು ಪಕ್ಕದ ಊರಿಗೆ ಮೊದಲೇ ಕಳಿಸಿದ್ದರು. ಜನ ತಮ್ಮ ತಮ್ಮ ಬಾಗಿಲಲ್ಲಿ ಕೂತಿದ್ದರು. ನಾನು ಗಿರಣಿಯ ಬೆಲ್ಟು ಕಳಚಿ ಗೂಟಕ್ಕೆ ಹಾಕಿ, ಕಾಲುಂಗುರ ಬಿಚ್ಚಿಟ್ಟು, ಬರಿಗಾಲಲ್ಲಿ ಕಸ್ತೂರಿಯ ಮನೆಗೆ ನಡೆದೆ.

ಅವಳ ಅಡುಗೆಮನೆಯಲ್ಲಿ ಹೊಗೆ ಹಿಡಿದ ಗೋಡೆಯ ಎದುರು ನಾವು ಆರು ಜನ ನೆಲದ ಮೇಲೆ ಕೂತೆವು. ಬರೆದುಕೊಳ್ಳುವ ಹಾಗಿಲ್ಲ, ಪೆನ್ನಿನ ಸದ್ದೂ ಸದ್ದೇ. ಯಾವ ಕಚೇರಿಯ ಮಾತು ಬರುತ್ತದೋ ಆ ಕಚೇರಿಯವರು ಅದನ್ನು ನೆನಪಿಟ್ಟುಕೊಂಡು, ಆಮೇಲೆ ಊರ ಮುಂದೆ ತಮ್ಮ ಬಾಯಿಂದಲೇ ಹೇಳಬೇಕು. ನಾನು ಸೆರಗನ್ನು ಮಡಚಿ ಹಲ್ಲಿನಲ್ಲಿ ಕಚ್ಚಿಕೊಂಡೆ.

ಮೊದಲು ಪಂಪು ನಿಂತಿತು. ಆಮೇಲೆ ದವಾಖಾನೆಯ ಕಡೆಯಿಂದ ಬರುತ್ತಿದ್ದ ಗುಂಯ್ ಎನ್ನುವುದು ನಿಂತಿತು. ಇಷ್ಟು ವರ್ಷ ಆ ಸದ್ದು ಇತ್ತು ಎಂದು ಗೊತ್ತಾದದ್ದೇ ಅದು ನಿಂತಾಗ. ನನ್ನ ಊರು ನನಗೇ ಗುರುತು ಸಿಗದಷ್ಟು ಸುಮ್ಮನಾಯಿತು.

ಬಳೆ ಸದ್ದು ಬಂತು. ಇಡೀ ಬಳೆ. ಒಂದೂ ಒಡೆದಿರಲಿಲ್ಲ. ಅದರ ಜೊತೆಗೆ ಪಟಪಟ ಎಂದು ರೊಟ್ಟಿ ಬಡಿಯುವ ಸದ್ದು. ಯಾವುದೋ ಒಂದು ಸಾಮಾನ್ಯ ಬೆಳಿಗ್ಗೆ ಅವಳು ಒಲೆಯ ಮುಂದೆ ಕೂತು ರೊಟ್ಟಿ ಮಾಡುತ್ತಿದ್ದಳು. ನನ್ನ ಜೀವ ಅಷ್ಟಕ್ಕೇ ತಣ್ಣಗಾಗಿತ್ತು.

"ಅವ್ವಾ."

ಎಷ್ಟು ಹತ್ತಿರ! ಕಿವಿಯ ಮಗ್ಗುಲಲ್ಲೇ. "ಓ" ಎಂಬುದು ಹೊಟ್ಟೆಯಿಂದ ಎದ್ದು ಗಂಟಲಿಗೆ ಬಂತು. ಅದನ್ನು ನಾನು ತಂದುಕೊಂಡದ್ದಲ್ಲ, ಅದು ತಾನಾಗಿ ಬಂದದ್ದು. ಸೆರಗು ಕಚ್ಚಿದ ಹಲ್ಲು ಸಡಿಲವಾಯಿತು. ಎದುರು ಕೂತ ಇಂದುಮತಿ ಮೇಡಂ ಕಣ್ಣು ಮುಚ್ಚಿಕೊಂಡರು, ಇನ್ನು ಮುಗಿಯಿತು ಎನ್ನುವ ಹಾಗೆ.

"ಅವ್ವಾ, ಕೇಳಸ್ತೈತೇನಬೇ?"

ಕೇಳಿಸುತ್ತಿದೆ ಕೂಸೇ. ಜನ್ಮದಲ್ಲಿ ಇಷ್ಟು ಸ್ಪಷ್ಟವಾಗಿ ನೀನು ಎಂದೂ ಕೇಳಿಸಿರಲಿಲ್ಲ. ಬೆಲ್ಟು ಕಳಚಿಟ್ಟು ಬಂದಿದ್ದೇನೆ, ನಿನ್ನ ಎದುರೇ ಕೂತಿದ್ದೇನೆ. ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದೆ. ಉಸಿರೂ ಸದ್ದು ಮಾಡೀತೆಂದು ಉಸಿರು ಹಿಡಿದೆ.

"ಯವ್ವಾ!"

ಕೆನ್ನೆಗೆ ಕೈ ಅಡ್ಡ ಹಿಡಿದು ಬಾಗಿಲಿಂದ ಕರೆಯುವ ದನಿ. ಆಮೇಲೆ ಅವಳು ಕಾದಳು. ರೊಟ್ಟಿ ಬಡಿಯುವ ಸದ್ದೂ ನಿಂತಿತ್ತು. ಅವಳು ಕಾಯುತ್ತಿದ್ದಾಳೆ ಎಂದು ನನಗೆ ಗೊತ್ತು, ನಾನು ಎದುರಿಗೇ ಇದ್ದೇನೆ ಎಂದು ಅವಳಿಗೆ ಗೊತ್ತಿಲ್ಲ. ಮಗಳ ಸಾವನ್ನು ತಾಳಿಕೊಂಡಿದ್ದೆ ನಾನು, ಈ ಕಾಯುವಿಕೆಯನ್ನು ತಾಳುವುದು ಕಷ್ಟವಾಯಿತು.

"ಗಿರಣಿ ಹಾಕ್ಯಾಳ ಕಾಣಸ್ತೈತಿ," ಎಂದಳು, ಸಣ್ಣಗೆ ನಕ್ಕು. "ಇರ್ಲಿ. ಗ್ವಾಡಿಗೇ ಹೇಳ್ತೇನಿ. ಗ್ವಾಡ್ಯಾದ್ರೂ ನಡುವ ಬಾಯಿ ಹಾಕಂಗಿಲ್ಲ."

ರೊಟ್ಟಿ ಬಡಿಯುತ್ತ ಹೇಳಿದಳು. ಅತ್ತು ಹೇಳಲಿಲ್ಲ, ನೆರೆಯವರ ಸುದ್ದಿ ಹೇಳುವ ಹಾಗೆ ಹೇಳಿದಳು.

"ಫೌಜದಾರ ಸಾಹೇಬ್ರ ಕಡೆ ಹೋಗಿದ್ದೆ. ಇವನ್ನ ಕರಸಿ ಚಾ ಕುಡಿಸಿದ್ರು. ಗಂಡಾ ಹೆಂಡ್ತಿ ಹೊಂದ್ಕೊಂಡು ಹೋಗ್ರಿ ಅಂತ ಇಬ್ಬರನ್ನೂ ಜೀಪಿನ್ಯಾಗ ಮನಿಗೆ ತಂದು ಬಿಟ್ರು. ಜೀಪು ಓಣಿ ತಿರುಗೂ ತನಕಾ ಇಂವ ನಕ್ಕೋತ ನಿಂತಿದ್ದ. ತಿರುಗಿದ ಮ್ಯಾಲೆ ಅಗಳಿ ಹಾಕಿದ. ಡಾಕ್ಟರಬಾಯಾರು ಚೊಲೋ ಅದಾರ, ಏನಾತವಾ ಅಂತ ಕೇಳಿದ್ರು. ಇಂವ ಮಗ್ಗಲದಾಗ ನಿಂತಿದ್ದ. ಬಚ್ಚಲದಾಗ ಜಾರಿದ್ನಿರಿ ಅಂದೆ. ಮತ್ತೊಮ್ಮೆ ಹೋದಾಗೂ ಕೇಳಿದ್ರು, ಆಗೂ ಇಂವ ಮಗ್ಗಲದಾಗ. ಇವನ್ನ ಹೊರಗ ನಿಲ್ಲಿಸಿ ಕೇಳಿದ್ರ ಹೇಳ್ತಿದ್ದೆ."

ಡಾಕ್ಟರಬಾಯಿ ತಲೆ ತಗ್ಗಿಸಿದರು. ಅವರ ಕಣ್ಣೀರು ಸದ್ದಿಲ್ಲದೆ ಮಡಿಲಿಗೆ ಬೀಳುತ್ತಿತ್ತು. ಕಸ್ತೂರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸಕ್ಕಿದ್ದಳು, ಮುಂದಿನದು ಆ ಮಾತು.

"ಮಾಸ್ತರು ನನ್ನ ಕೈ ಮ್ಯಾಲಿನ ಬಾವು ನೋಡಿದ್ರು. ಹುಡುಗ್ರು ಹೆದರ್ತಾವು, ಬಡಸಾಕ ಬರಬ್ಯಾಡ, ಹಿಂದ ಕುಂತು ಪಾತ್ರಿ ತಿಕ್ಕು ಅಂದ್ರು. ಪುರಸಭೆಗೆ ಹೋಗಿ ಓಣಿ ತಿರುವಿನ ಕಂಬದ ಬಲ್ಬು ಹೋಗೇತ್ರಿ, ಹಾಕಸ್ರಿ ಅಂದೆ. ರಾತ್ರ್ಯಾಗ ನಿನಗೇನ್ ಕೆಲಸವಾ ಅಂತ ನಕ್ರು. ಬೆಳಕಿದ್ರ ಅವ್ವನ ಮನಿ ತನಕಾ ಓಡಬೌದು. ಕತ್ತಲದಾಗ ಆ ಗಟಾರ ದಾಟಾಕ ಆಗೂದಿಲ್ಲ. ಬಿದ್ರ ಸಿಕ್ಕೇ ಸಿಗತೇನಿ."

ರೊಟ್ಟಿ ಹಂಚಿಗೆ ಬಿದ್ದ ಸದ್ದು. ಬಳೆ ಹಿಂದಕ್ಕೆ ಸರಿಸಿಕೊಂಡ ಸದ್ದು.

"ಈ ಸಲ ಹಿಟ್ಟು ಎಷ್ಟ್ ನುಣ್ಣಗ ಬೀಸ್ಯಾಳ ನಮ್ಮವ್ವ," ಎಂದಳು.

ಅಷ್ಟೇ. ಆಮೇಲೆ ಗೋಡೆ ಬರೀ ಗೋಡೆ.

ಮಧ್ಯಾಹ್ನಕ್ಕೆ ಸೈರನ್ನು ಕೂಗಿತು, ಪಂಪು ಎದ್ದಿತು, ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಇಂದುಮತಿ ಮೇಡಂ ನನ್ನ ಬಾಯಿಯ ಮೇಲಿನ ಕೈಗಳನ್ನು ಒಂದೊಂದಾಗಿ ಬಿಡಿಸಿದರು. "ಈಗ ಮಾತಾಡಿ ನೀಲವ್ವ, ಈಗ ಅಳಬಹುದು," ಎಂದರು. ಬಾಯಿ ತೆರೆದೆ. ಏನೂ ಬರಲಿಲ್ಲ. ಗಂಟಲಿಗೆ ಬಂದಿದ್ದ "ಓ" ಅಲ್ಲೇ ಕೂತಿತ್ತು, ಹೊರಗೂ ಬರದು, ಒಳಗೂ ಇಳಿಯದು.

ಸಂಜೆ ನಾಲ್ವರೂ ಪುರಸಭೆಯ ಕಟ್ಟೆಯ ಮೇಲೆ ನಿಂತು ತಮ್ಮ ತಮ್ಮ ಮಾತನ್ನು ತಾವೇ ಹೇಳಿದರು. ಫೌಜದಾರರಿಗೆ "ಅಗಳಿ ಹಾಕಿದ" ಎಂಬಲ್ಲಿ ದನಿ ಒಡೆಯಿತು. ಅವರೇನು ಕೊಂದವರಲ್ಲ. ಕೆಟ್ಟವರೂ ಅಲ್ಲ ಎಂದು ಈಗ ಅನ್ನಬಲ್ಲೆ, ಆಗ ಅನ್ನಲಾರದೆ ಎದ್ದು ಬಂದೆ. ತಿರುವಿನ ಕಂಬಕ್ಕೆ ಮರುದಿನವೇ ಬಲ್ಬು ಬಂತು. ದವಾಖಾನೆಯಲ್ಲಿ ಗಂಡಸರು ಕೂರಲಿಕ್ಕೆ ಹೊರಗೊಂದು ಬೆಂಚು ಹಾಕಿದ್ದಾರೆ, ಎಂಥ ಗಂಡನಾದರೂ ಅದರಾಚೆ ಬರುವಂತಿಲ್ಲ. ಠಾಣೆಯಲ್ಲಿ ಏನು ಬದಲಾಯಿತೋ ಇನ್ನೂ ನೋಡಬೇಕು. ಯಮನೂರಪ್ಪ ಸುಣ್ಣ ಬಳಿಸಿದ. ದೀಪಾವಳಿ ಬಂತು, ಹೋಯಿತು.

ನಾನು ಮಾತ್ರ ಆ ದಿನದಿಂದ ಯಾರಿಗೂ ಓಗೊಡಲಿಲ್ಲ. ಕರೆದರೆ ತಿರುಗಿ ನೋಡುತ್ತಿದ್ದೆ, ಹೂಂ ಅನ್ನುತ್ತಿದ್ದೆ. ಇನ್ನೊಬ್ಬ ದ್ಯಾಮವ್ವ ಆದಳು ಎಂದು ಜನ ಆಡಿಕೊಂಡರು. ಮತ್ತೆ ಒಂದು ಹೊಸ ಹುಚ್ಚು ಹಿಡಿಯಿತು, ಗಿರಣಿಯನ್ನು ನಡುನಡುವೆ ನಿಲ್ಲಿಸುವುದು. ಅರ್ಧ ಬೀಸಿದ ಜೋಳ ತೊಟ್ಟಿಯಲ್ಲಿರುವಾಗಲೇ ಮೋಟಾರು ಆರಿಸಿ ಬಾಗಿಲ ಕಡೆ ಕಿವಿಗೊಟ್ಟು ನಿಲ್ಲುತ್ತೇನೆ. ಗಿರಾಕಿಗಳು ಗೊಣಗುತ್ತಾರೆ. ಗೊಣಗಲಿ. ಬರುವುದಿಲ್ಲ ಎಂದು ನನಗೂ ಗೊತ್ತು. ಆಸೆ ನಿಲ್ಲಿಸಲು ಅದಕ್ಕೇನು ಬೆಲ್ಟು ಇದೆಯೇ, ಕಳಚಿ ಗೂಟಕ್ಕೆ ಹಾಕಲು?

ಹೋದ ವಾರ ಹಾಗೇ ನಿಲ್ಲಿಸಿ ನಿಂತಿದ್ದೆ. ಗಿರಾಕಿಗಳು ಯಾರೂ ಇರಲಿಲ್ಲ. ಬಾಗಿಲಲ್ಲಿ ಒಂದು ಹುಡುಗಿ ಬಂದು ನಿಂತಳು, ಬಡಿಗೇರ ಓಣಿಗೆ ಹೊಸದಾಗಿ ಬಂದ ಸೊಸೆ, ಹೆಸರು ಗೊತ್ತಿರಲಿಲ್ಲ. ಕೈಯಲ್ಲಿ ಜೋಳದ ಡಬ್ಬಿಯಿರಲಿಲ್ಲ. ಸೆರಗನ್ನು ಕಿವಿಯ ತನಕ ಎಳೆದು ಹೊದ್ದಿದ್ದಳು. ಒಂದು ಕಣ್ಣು ಬಾತಿತ್ತು. ಗಿರಣಿ ನಿಂತದ್ದು ಅವಳ ಗಮನಕ್ಕೆ ಬಂದಂತಿರಲಿಲ್ಲ, ಕೆನ್ನೆಗೆ ಕೈ ಅಡ್ಡ ಹಿಡಿದು ಜೋರಾಗಿ ಕರೆದಳು.

"ಯವ್ವಾ!"

"ಓ," ಎಂದೆ, ಇಡೀ ಓಣಿಗೆ ಕೇಳುವ ಹಾಗೆ.